ಮೂಸಿ ನೋಡಿದ ನೀರು

ಮೇಲಧಿಕಾರಿಗಳಿಗೆ ನಮಸ್ಕಾರ.

ಕಳೆದ ತಿಂಗಳು ರೈಲ್ವೆ ಗೇಟಿನ ಪೆಟ್ರೋಲ್ ಬಂಕಿನಲ್ಲಿ ನೆಲದಡಿಯ ಟ್ಯಾಂಕ್ ಪರೀಕ್ಷಿಸಿದವನು ನಾನೇ. ಅಳತೆಗೋಲಿಗೆ ಹಚ್ಚಿದ ಪೇಸ್ಟ್ ಬಣ್ಣ ಬದಲಿಸಲಿಲ್ಲ, ಅಂದರೆ ಒಳಗೆ ನೀರು ನುಗ್ಗಿರಲಿಲ್ಲ. ಪೆಟ್ರೋಲ್ ಹೊರಗೆ ಸೋರಿದೆಯೇ ಎಂದು ಪಕ್ಕದ ಮನೆಯ ಬಾವಿನೀರು ಮೂಸಿ, ‘ವಾಸನೆಯಿಲ್ಲ’ ಎಂದು ಬರೆದೆ.

ನಿನ್ನೆ ಮನೆಯಲ್ಲಿ ಹಾಲು ಸೀದು ಕರಕಲಾಯಿತು. ಒಲೆಯ ಪಕ್ಕದಲ್ಲೇ ಕೂತಿದ್ದ ನನಗೆ ವಾಸನೆ ಗೊತ್ತೇ ಆಗಲಿಲ್ಲ. ಇಪ್ಪತ್ತೆರಡು ವರ್ಷ ಟ್ಯಾಂಕಿನ ಬಾಯಿಗೆ ಒಡ್ಡಿದ ಮೂಗು, ಸಾರ್.

ದಯವಿಟ್ಟು ಬೇರೆಯವರನ್ನು ಕಳಿಸಿ ಮತ್ತೆ ಪರೀಕ್ಷೆ ಮಾಡಿಸಿ. ನನ್ನ ಕೆಲಸದ ವಿಷಯ ಆಮೇಲೆ ನೋಡಿ.

ಆ ಬಾವಿಯ ಮನೆಯ ಅಜ್ಜಿ ಅಂದೇ, “ನೀರು ಯಾಕೋ ನಾರ್ತಿದೆ ಕಣಪ್ಪಾ” ಎಂದಿದ್ದರು. “ಏನೂ ಇಲ್ಲ ಅಜ್ಜಿ” ಎಂದು ಒಂದು ಲೋಟ ಕುಡಿದು ತೋರಿಸಿದ್ದೆ. ಇವತ್ತು ಹೋಗಿ, ಕುಡಿಯಬೇಡಿ ಎಂದೆ. “ಅವತ್ತು ನೀನೇ ಕುಡಿದ್ಯಲ್ಲಪ್ಪಾ” ಎಂದು ನಕ್ಕು, ಬಿಸಿಲಲ್ಲಿ ಬಂದಿದ್ದೀಯ ಅಂತ ನನಗೂ ಅದೇ ನೀರು ಒಂದು ಲೋಟ ತಂದುಕೊಟ್ಟರು.

ಇಂತಿ,
ನಿಮ್ಮ ಟ್ಯಾಂಕ್ ಪರೀಕ್ಷಕ