ಜಿಐ ಪೈಪಿನ ಹೊಗೆ

ನಿನ್ನೆಯಿಂದ ನೀನು ನಡುಗ್ತಾ ಮಲಗಿದೀಯಲ್ಲ, ಅದು ಫ್ಲೂ ಅಲ್ವಂತೆ ಕಣೋ ಲೈಲ್! ಆ ಜಿಐ ಪೈಪಿನ ಮೇಲಿರೋ ಸತು ಸುಟ್ಟ ಹೊಗೆ ಕುಡಿದು ಬಂದ ಜ್ವರ ಅಂತೆ. ನರ್ಸ್ ಅಲ್ವಾ ಡೊರೀನ್ ಅತ್ತೆ, ಈಗಷ್ಟೇ ಫೋನಲ್ಲಿ ಕಿರುಚಿದ್ರು. ಹೊರಗೆ ಮೈನಸ್ ಮೂವತ್ತು ಅಂತ ಗ್ಯಾರೇಜ್ ಬಾಗಿಲು ಮುಚ್ಕೊಂಡು ವೆಲ್ಡಿಂಗ್ ಮಾಡ್ತಾರೇನೋ, ಪೆದ್ದ!

"ಹಾಲು ಕುಡಿ, ಹೊಗೆ ಇಳಿಯುತ್ತೆ" ಅಂತ ತಾತ ಹೇಳಿದ್ದು ಬರೀ ಸುಳ್ಳಂತೆ. ಜಗ್ ಪೂರ್ತಿ ಖಾಲಿ ಮಾಡಿದ್ಯಲ್ಲ!

ಒಲೆ ಮೇಲೆ ಸೂಪ್ ಇದೆ. ಉಸಿರಾಡೋಕೆ ಕಷ್ಟ ಆದ್ರೆ ತಕ್ಷಣ 911 ಒತ್ತು, ಹೀರೋ ಆಗ್ಬೇಡ.

ಹಳೇ ಮೈಕ್ರೋವೇವ್ ಬಿಚ್ಚಿ ಮಾಡಿದ್ಯಲ್ಲ ಆ ವೆಲ್ಡರ್, ಅದರ ವೈರ್ ಕಿತ್ಕೊಂಡು ಕಾಲೇಜಿಗೆ ಹೊರಟಿದೀನಿ. ಹೆಪ್ಪುಗಟ್ಟಿದ ಕೆರೆ ಮೇಲೆ ಮೀನು ಹಿಡಿಯೋಕೆ ಆ ಪೈಪಲ್ಲಿ ಮಾಡ್ತಿದ್ದ ಜಾರುಬಂಡಿ ಅರ್ಧಕ್ಕೇ ಇರ್ಲಿ. ಬೈಕೋ, ಆದ್ರೆ ಬದುಕಿದ್ದು ಬೈಕೋ.

ನಾಳೆ ಹತ್ತು ಗಂಟೆಗೆ ಅತ್ತೆ ಕ್ಲಿನಿಕ್ಕಿಗೆ ಬಾ. ನಾನು ಬಾಗಿಲಲ್ಲೇ ನಿಂತಿರ್ತೀನಿ.

ನಿನ್ನ ಅಕ್ಕ ಮಾರ್ಲಿಸ್