ಪ್ರೆಸಿಡೆಂಟಮ್ಮನ ಸಹಿ

ಬಾಗಲೂರು
18-11-2024, ಸೋಮವಾರ

ಸಹನಾಳ ಅಪ್ಪನವರಿಗೆ,

ಕೋಮಲಾ ಮಾಡುವ ನಮಸ್ಕಾರ. ನಾನು, ಸಹನಾ, ಅತ್ತೆಯವರು ಮೂವರೂ ಕ್ಷೇಮ. ನಿಮ್ಮ ಕ್ಷೇಮ ಸಮಾಚಾರ, ಜೂಜುವಾಡಿಯಲ್ಲಿ ನಿಮ್ಮ ಅಣ್ಣನ ಟೈರ್ ಅಂಗಡಿಗೆ ಪಂಕ್ಚರ್ ಹಾಕಿಸಲು ಹೋಗುವ ನಮ್ಮೂರಿನವರಿಂದ ಬೇಡವೆಂದರೂ ಬರುತ್ತಿದೆ. ಮೂರು ಹೊತ್ತೂ ಲಾರಿಯವರ ಜೊತೆ ಕೂತು ಪರೋಟ ತಿನ್ನುತ್ತಿದ್ದೀರಂತೆ. ಹೊಟ್ಟೆ ನಿಮ್ಮದು, ನಾನೇನೂ ಹೇಳುವುದಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀರಿ. ಫೋನಿನಲ್ಲಿ ನೀವು ನನ್ನ ಒಂದು ಮಾತನ್ನೂ ಪೂರ್ತಿ ಮುಗಿಸಲು ಬಿಟ್ಟವರಲ್ಲ. ಕಾಗದಕ್ಕೆ ನಡುವೆ ಬಾಯಿ ಹಾಕಲು ಆಗುವುದಿಲ್ಲ. ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಅಣ್ಣನಿಗೆ ನೀವು ಹೇಳಿರುವ ಕಥೆ ಬೇರೆಯದೇ ಅಂತೆ. ಇದನ್ನು ಅವರೂ ಓದಲಿ.

ಐದು ವರ್ಷದ ಹಿಂದೆ ನಮ್ಮ ಪಂಚಾಯ್ತಿ ಹೆಂಗಸರಿಗೆ ಮೀಸಲಾದಾಗ ನನ್ನನ್ನು ಎಲೆಕ್ಷನ್ನಿಗೆ ನಿಲ್ಲಿಸಿದವರು ನೀವು. ಗೆದ್ದವಳು ನಾನು, ಹಾರ ಹಾಕಿಸಿಕೊಂಡವರು ನೀವು. ಊರಿನವರು ನಿಮ್ಮನ್ನು ಪ್ರೆಸಿಡೆಂಟ್ ಎಂದರು, ನನ್ನನ್ನು ಪ್ರೆಸಿಡೆಂಟಮ್ಮ ಎಂದರು, ಅಂದರೆ ಪ್ರೆಸಿಡೆಂಟರ ಹೆಂಡತಿ. ಕನ್ನಡ ಶಾಲೆಯಲ್ಲಿ ಓದಿದವಳು ನಾನು, ನಮ್ಮ ಹೊಸೂರು ಸೀಮೆ ತಮಿಳಿನವರ ರಾಜ್ಯಕ್ಕೆ ಸೇರಿದ್ದರಿಂದ ಪಂಚಾಯ್ತಿ ಕಾಗದವೆಲ್ಲ ತಮಿಳು. “ನಿಂಗೆ ಓದಕ್ ಬರಲ್ಲ, ನಾನ್ ನೋಡ್ಕಂತೀನಿ ಬಿಡು” ಎಂದಿರಿ. ನೋಡಿಕೊಳ್ಳುವುದು ಅಂದರೆ ಏನೆಂದು ಆಮೇಲೆ ಗೊತ್ತಾಯಿತು. ಮೊದಲನೇ ದಿನದಿಂದಲೂ ನನ್ನ ಸಹಿಯನ್ನು ನೀವೇ ಹಾಕುತ್ತಿದ್ದಿರಿ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳಬಾರದು, ಗಂಡ ಮಾತ್ರ ಹೆಂಡತಿಯ ಹೆಸರನ್ನು ಸರ್ಕಾರದ ಕಾಗದದ ಮೇಲೆ ಬರೆಯುತ್ತಾ ಹೋಗಬಹುದು. ಇದು ಯಾವ ಊರಿನ ನ್ಯಾಯವೋ!

ಈ ಬೇಸಿಗೆಯಲ್ಲಿ ಸರ್ಕಾರದವರು ಬಂದು ಗುಡ್ಡದ ಕೆಳಗಿನ ಪೊರಂಬೋಕು ಜಮೀನು ಅಳೆದರಲ್ಲ, ಜಗಳ ಹುಟ್ಟಿದ್ದು ಅಲ್ಲಿಂದ. ಯಾರ ಸ್ವಂತಕ್ಕೂ ಸೇರದೆ ಊರಿನ ಕುರಿ ಮೇಯುವ ಜಾಗ ಅದು. ಅಲ್ಲೊಂದು ತರಬೇತಿ ಕೇಂದ್ರ, ಪಕ್ಕದಲ್ಲಿ ಲ್ಯಾಬು. ಸಣ್ಣ ವರ್ಕ್‌ಶಾಪಿನವರು ತಾವು ಮಾಡಿದ ಮೋಟಾರನ್ನೋ ಬ್ಯಾಟರಿಯನ್ನೋ ಯಂತ್ರವನ್ನೋ ತಂದು ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ಪಡೆಯುವುದಕ್ಕೆ. ಕಟ್ಟಡ ಏಳಲು ನಾಲ್ಕೈದು ವರ್ಷ ಬೇಕು, ಫಲ ಕಾಣಲು ಅದರ ಮೇಲೆ ಇನ್ನೂ ಹತ್ತು ವರ್ಷವಾದರೂ ಬೇಕು ಎಂದು ಬಂದಿದ್ದ ಸಾಹೇಬರೇ ಹೇಳಿದರು. ನಾಳೆಯೇ ಬೆಳಕಾಗುತ್ತದೆ ಎಂದು ಹೇಳದ ಸರ್ಕಾರಿ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು. ಅದಕ್ಕೇ ನಂಬಿಕೆ ಬಂತು.

ಅದೇ ಜಮೀನಿನ ಮೇಲೆ ಲೇಔಟ್ ಶ್ರೀನಿವಾಸನ ಕಣ್ಣೂ ಇತ್ತು. ಅವನ ಸೈಟುಗಳಿಗೆ ದೊಡ್ಡ ರಸ್ತೆಯಿಂದ ದಾರಿ ಬೇಕು, ಆ ದಾರಿ ಪೊರಂಬೋಕಿನ ನಟ್ಟನಡುವೆಯೇ ಹೋಗಬೇಕು. ಪಂಚಾಯ್ತಿ ಅಭ್ಯಂತರವಿಲ್ಲ ಎಂದು ಬರೆದುಕೊಟ್ಟರೆ ಊರಿಗೊಂದು ಕಮಾನು ಕಟ್ಟಿಸಿ ಅದರ ಮೇಲೆ ನಿಮ್ಮ ಹೆಸರು ಕೆತ್ತಿಸುತ್ತೇನೆ ಎಂದ. ನೀವು ಕಮಾನಿಗೆ ಬಿದ್ದಿರಿ. “ಕೋಮಲಾ ಸೈನ್ ಆದಂಗೇ ಲೆಕ್ಕ” ಎಂದು ಅವನಿಗೆ ಮಾತು ಕೊಟ್ಟು ಬಂದಿರಿ. ನನ್ನನ್ನು ಕೇಳಲಿಲ್ಲ. ಕೇಳುವ ಅಭ್ಯಾಸವೇ ನಿಮಗೆ ತಪ್ಪಿಹೋಗಿತ್ತು.

ಗಾಂಧಿ ಜಯಂತಿಯ ದಿನ ಗ್ರಾಮಸಭೆಯಲ್ಲಿ ನಾನು ಎದ್ದು ನಿಂತು ಜಮೀನು ಲ್ಯಾಬಿಗೆ ಎಂದಾಗ ನಿಮ್ಮ ಮುಖ ನೋಡಬೇಕಿತ್ತು. ಎಲ್ಲರೆದುರಿಗೇ ಕೂಗಿದಿರಿ: “ಹದಿನೈದು ವರ್ಷಕ್ಕೆ ಯಾರಿರ್ತಾರೋ ಯಾರಿಲ್ವೋ. ಇವ್ಳ ಕುರ್ಚಿ ಸಂಕ್ರಾಂತಿಗೇ ಮುಗೀತದೆ. ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸ್ತಾವ್ಳೆ.” ಜನ ನಕ್ಕರು. ನಾನೂ ಒಂದು ಗಳಿಗೆ ನಗುತ್ತಿದ್ದೆನೋ ಏನೋ. ಆದರೆ ಕೂಸು ಹುಟ್ಟಿದ ಮೇಲೆ ತುಂಡು ಬಟ್ಟೆಗಾಗಿ ಬೀದಿ ಬೀದಿ ಅಲೆದ ಮನೆಯವಳು ನಾನು. ಆ ಕಥೆಯನ್ನು ಅವತ್ತು ಸಭೆಗೆ ಹೇಳಿದೆ. ನೀವು ಅಷ್ಟು ಹೊತ್ತಿಗೆ ಬೈಕು ಹತ್ತಿ ಅಣ್ಣನ ಮನೆಗೆ ಹೊರಟಿದ್ದಿರಿ, ಅವತ್ತು ಹೋದವರು ಇನ್ನೂ ಬಂದಿಲ್ಲ. ಈಗ ಕೇಳಿ.

ಹೊಸೂರಿನಲ್ಲಿ ಕಾರ್ಖಾನೆಗಳಿಗೆ ಜಾಗ ಮಾಡುವಾಗ ನಮ್ಮ ತಾತನ ರಾಗಿ ಹೊಲ ಹೋಯಿತು. ಕಲ್ಲುಗುಡ್ಡದಲ್ಲಿ ಯಾವನು ಕಾರ್ಖಾನೆ ಹಾಕುತ್ತಾನೆ ಎಂದು ಆಗಲೂ ಜನ ನಕ್ಕಿದ್ದರಂತೆ. ನಕ್ಕವರ ಮೊಮ್ಮಕ್ಕಳೆಲ್ಲ ಇವತ್ತು ಬೆಳಗಾದರೆ ಅಲ್ಲಿಗೇ ಕಂಪನಿ ಬಸ್ಸು ಹತ್ತುತ್ತಾರೆ. ಯಾರೋ ಒಬ್ಬರು ತಮ್ಮ ಕಾಲಕ್ಕಲ್ಲ, ಮುಂದಿನವರ ಕಾಲಕ್ಕೆ ಎಂದು ಯೋಚಿಸಿ ಗೆರೆ ಎಳೆದಿದ್ದಕ್ಕೆ ಈ ಸೀಮೆ ಸೀಮೆಯಾಯಿತು. ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಆದರೆ ನಮ್ಮಂಥವರ ಪಾಲಿಗೆ ಕಾರ್ಖಾನೆ ಮೊದಲು ಬಂತು, ಕೆಲಸ ಕಲಿಸುವ ಶಾಲೆ ಆಮೇಲೆ ಬಂತು. ಮಿಷನ್ ಮುಂದೆ ನಿಲ್ಲಲು ಬೇರೆ ಊರಿನಿಂದ ಕಲಿತವರು ಬಂದರು. ನನ್ನ ಅಪ್ಪ ಮುತ್ತರಾಯಪ್ಪ ತನ್ನಪ್ಪನ ಹೊಲದ ಮೇಲೆ ನಿಂತ ಕಾರ್ಖಾನೆಯಲ್ಲಿ ಹೂವಿನ ಗಿಡಕ್ಕೆ ನೀರು ಹಾಕಿಕೊಂಡೇ ರಿಟೈರ್ ಆದ. ಅಪ್ಪನಿಗೆ ಬುದ್ಧಿ ಇರಲಿಲ್ಲವೆಂದಲ್ಲ. ಯೋಜನೆ ಮಾಡಿದವರ ಲೆಕ್ಕದಲ್ಲಿ ಜಮೀನಿತ್ತು, ಜಮೀನಿನ ಮೇಲಿದ್ದ ಮನುಷ್ಯನಿರಲಿಲ್ಲ. ನನಗೆ ಇವತ್ತಿಗೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ.

ನಿಮ್ಮ ಬಾಮೈದ ಮುನೀಶನ ಪಾಡೂ ನಿಮಗೆ ಗೊತ್ತು. ಮತ್ತಿಗಿರಿಯ ಶೆಡ್ಡಿನಲ್ಲಿ ಎರಡು ಲೇತ್ ಇಟ್ಟುಕೊಂಡು, ಗುಲಾಬಿ ಕಡ್ಡಿಯ ಮುಳ್ಳನ್ನು ಸಿಪ್ಪೆ ಏಳದ ಹಾಗೆ ತೆಗೆಯುವ ಯಂತ್ರ ಮಾಡಿದ. ನಮ್ಮ ಬಾಗಲೂರು ಕಡೆ ಗುಲಾಬಿ ತೋಟದ ಹೆಂಗಸರ ಬೆರಳು ನೋಡಿದವರಿಗೆ ಅದರ ಬೆಲೆ ಗೊತ್ತು. ಪರೀಕ್ಷೆ ಆಗದೆ ಬ್ಯಾಂಕಿನವರು ಸಾಲ ಕೊಡಲಿಲ್ಲ, ಪರೀಕ್ಷೆ ಮಾಡುವ ಜಾಗ ಎಲ್ಲೋ ದೂರ. ಅದನ್ನು ಹೊತ್ತುಕೊಂಡು ಅಲೆದು ಅಲೆದು ಸಾಕಾಗಿ ಮೂಲೆಗೆ ಹಾಕಿದ. ಈಗ ತೋಟದವರು ಹೊರದೇಶದ ಯಂತ್ರ ತರಿಸುತ್ತಿದ್ದಾರೆ. ನಮ್ಮವರಿಗೆ ಹೊಸದು ಹೊಳೆಯುವುದಿಲ್ಲ ಎನ್ನುವವರ ಬಾಯಿಗೆ ನಾನು ಆ ಯಂತ್ರವನ್ನೇ ತುರುಕಬೇಕು. ಹೊಳೆದದ್ದನ್ನು ಕೈ ಹಿಡಿದು ದಡ ಸೇರಿಸುವ ಏರ್ಪಾಡು ಇರಲಿಲ್ಲ, ಅಷ್ಟೇ. ಅಂಥ ಏರ್ಪಾಡನ್ನು ಮುನೀಶ ಒಬ್ಬನೇ ಮಾಡಲಾರ, ನಾನೂ ನೀವೂ ಮಾಡಲಾರೆವು. ಸರ್ಕಾರವೇ ಮಾಡಬೇಕು, ಅದೂ ಸರ್ಕಾರ ಬದಲಾದರೂ ನಿಲ್ಲದ ಹಾಗೆ ಮಾಡಬೇಕು.

ಇದನ್ನೆಲ್ಲ ಕೇಳಿದ ಮೇಲೆ ಸಭೆಯಲ್ಲಿ ಎದ್ದವರು ನಿಮ್ಮ ಅಮ್ಮ. ಕುರಿ ಮೇಯಿಸುವವರಲ್ಲವೇ, ನೆಟ್ಟಗೆ ಕೇಳಿದರು: “ಜಮೀನು ಕೊಟ್ಬುಟ್ರೆ ನಮ್ ಕುರಿ ಎಲ್ಲಿಗ್ ಹೋಗ್ಬೇಕು? ನಿಮ್ಮಪ್ಪಂಗ್ ಆದಂಗೇ ನಮ್ ಮಕ್ಳೂ ಅಲ್ಲಿ ಗಿಡಕ್ಕೆ ನೀರ್ ಹಾಕ್ಬೇಕಾ?” ಆ ಪ್ರಶ್ನೆಯನ್ನೇ ಷರತ್ತು ಮಾಡಿ ತೀರ್ಮಾನದಲ್ಲಿ ಬರೆಸಿದೆವು: ಕಟ್ಟಡಕ್ಕಿಂತ ಮುಂಚೆ, ಈ ವರ್ಷದಿಂದಲೇ, ಪಂಚಾಯ್ತಿ ಶಾಲೆಯಲ್ಲಿ ತರಬೇತಿ ಶುರುವಾಗಬೇಕು. ನಮ್ಮ ಮಕ್ಕಳಿಗೆ ಸೀಟು ಮೀಸಲಿಡಬೇಕು. ಕುರಿಗಳು ನೀರು ಕುಡಿಯುವ ಕುಂಟೆಯನ್ನೂ ಅದರ ಸುತ್ತಲಿನ ಹುಲ್ಲನ್ನೂ ಮುಟ್ಟಬಾರದು. ಸಭೆಗೂ ಬಂದಿದ್ದ ಅದೇ ಲ್ಯಾಬಿನ ಸಾಹೇಬರು, ಷರತ್ತು ಹಾಕಿದರೆ ಮೇಲಿನವರು ಒಪ್ಪುವುದಿಲ್ಲಮ್ಮ ಎಂದು ತಮಿಳಿನಲ್ಲಿ ಹೇಳಿದರು. ಒಪ್ಪದಿದ್ದರೆ ಕುರಿ ಮೇಯುತ್ತಿರುತ್ತವೆ ಸಾರ್ ಎಂದು ನಾನೂ ತಮಿಳಿನಲ್ಲೇ ಹೇಳಿದೆ. ಸಹನಾಳ ಪಾಠದ ಪುಸ್ತಕಗಳನ್ನು ಓದಿ ಕಲಿತ ತಮಿಳು, ಸ್ವಲ್ಪ ಮಕ್ಕಳ ಪದ್ಯದ ಹಾಗೆ ಕೇಳಿಸಿರಬೇಕು. ಸಾಹೇಬರು ನಕ್ಕರು, ಆದರೆ ಬರೆದುಕೊಂಡರು.

ಅವತ್ತು ಆ ತೀರ್ಮಾನದ ಕೆಳಗೆ ಮೊದಲ ಸಲ ನನ್ನ ಕೈಯಿಂದ ನನ್ನ ಸಹಿ ಹಾಕಿದೆ. ಸಂತೋಷಕ್ಕೆ ಅದನ್ನು ಎರಡೆರಡು ಸಲ ಓದಿಕೊಂಡೆ.

ದೀಪಾವಳಿ ಕಳೆದ ಮೇಲೆ ಆ ತೀರ್ಮಾನದ ಕಾಗದ ಬ್ಲಾಕ್ ಆಫೀಸಿನಿಂದ ವಾಪಸ್ಸು ಬಂತು. ಕ್ಲರ್ಕ್ ಆವುಲಪ್ಪ ತಲೆ ಕೆರೆದುಕೊಳ್ಳುತ್ತಾ ತಂದುಕೊಟ್ಟ. ಪ್ರೆಸಿಡೆಂಟರ ಸಹಿ ಆಫೀಸಿನಲ್ಲಿರುವ ಮಾದರಿಗೆ ತಾಳೆಯಾಗುತ್ತಿಲ್ಲ, ಯಾರೋ ಕಳ್ಳ ಸಹಿ ಹಾಕಿದ್ದಾರೆ ಎಂದು ಅದರಲ್ಲಿತ್ತು. ಮಾದರಿ ನಿಮ್ಮದಲ್ಲವೇ! ನಾನೇ ನನ್ನ ಹೆಸರಿನ ಕಳ್ಳಿಯಾದೆ. ಆವುಲಪ್ಪನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೊದಲು ನಕ್ಕೆವು. ಆಮೇಲೆ ನನಗೆ ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ.

ಆ ಸುದ್ದಿ ನಿಮಗೆ ಎಷ್ಟು ಬೇಗ ಮುಟ್ಟಿತು! ಮಾರನೇ ದಿನವೇ ನಿಮ್ಮ ಅಣ್ಣನ ಕೈಲಿ ಹೇಳಿ ಕಳಿಸಿದಿರಿ. ಅವರು ಜಗಲಿಯ ಮೇಲೆ ಕೂತು ಕಾಫಿ ಕುಡಿದು ಹೇಳಿದ್ದು ಇಷ್ಟು: “ನಮ್ ಮುರಳಿಕೃಷ್ಣನ ಕೈ ಇಲ್ದೆ ನಿನ್ ಸೈನು ಸೈನೇ ಅಲ್ಲ ಕಣಮ್ಮ. ಶ್ರೀನಿವಾಸಂಗೆ ದಾರಿ ಬಿಡ್ಸು, ಉಳಿದಿದ್ದು ಲ್ಯಾಬಿಗ್ ಕೊಡು. ಎರಡಕ್ಕೂ ಅವನೇ ಸೈನ್ ಹಾಕ್ತಾನೆ, ಮನೇಗೂ ಬತ್ತಾನೆ.” ನಟ್ಟನಡುವೆ ದಾರಿ ಹೋದ ಮೇಲೆ ಉಳಿಯುವುದು ಎರಡು ಚೂರು. ಅದರಲ್ಲಿ ಲ್ಯಾಬು ಕಟ್ಟಲಾಗುವುದಿಲ್ಲವೆಂದು ಸಾಹೇಬರು ಮೊದಲೇ ಹೇಳಿದ್ದರು, ಅದು ನಿಮಗೂ ಗೊತ್ತಿತ್ತು. ಗೊತ್ತಿದ್ದೂ ನನ್ನ ಹೆಸರನ್ನು ನನಗೇ ಬಾಡಿಗೆಗೆ ಕೊಡಲು ಬಂದಿರಲ್ಲ, ಅದರಿಂದ ನನಗೆ ನಿಜವಾಗಿ ನೋವಾಯಿತು.

ನೀವು ಮನೆಗೆ ಬರಬೇಕೆಂದು ನನಗೆ ಆಸೆಯಿಲ್ಲವೆಂದು ತಿಳಿಯಬೇಡಿ. ಸಂಜೆ ಬೈಕಿನ ಸದ್ದಾದರೆ ಇವತ್ತಿಗೂ ಒಲೆ ಮುಂದಿನಿಂದ ತಲೆ ಎತ್ತುತ್ತೇನೆ. ಆದರೆ ಆ ಬೆಲೆಗೆ ಅಲ್ಲ.

ಮೊನ್ನೆ ಗುರುವಾರ ಸಾಕ್ಷಿಗಳನ್ನು ಕರೆದುಕೊಂಡು ಬ್ಲಾಕ್ ಆಫೀಸಿಗೆ ಹೋದೆ. ಎಲ್ಲರೆದುರಿಗೆ ಹೊಸ ಮಾದರಿ ಸಹಿ ಹಾಕಿದೆ, ಸಾಕ್ಷಿಗಳು ಈಕೆಯೇ ಕೋಮಲಾ ಎಂದು ಹೇಳಿದರು. ಇಷ್ಟು ವರ್ಷ ಅಡುಗೆ ಮಾಡಿ ಹಾಕಿದವಳು ಕೋಮಲಾ ಹೌದೋ ಅಲ್ಲವೋ ಎಂದು ಸಾಕ್ಷಿ ಹೇಳಿಸಬೇಕಾಗಿ ಬಂತು. ಹಾಗಾದರೆ ಹಳೆಯ ಸಹಿ ಯಾರದು ಎಂದು ಬ್ಲಾಕ್ ಆಫೀಸಿನ ಸಾಹೇಬರು ಕೇಳಿದರು. ಆ ಪ್ರಶ್ನೆಗೆ ಅವರಿಗೆ ನಿಜವಾದ ಉತ್ತರವೇ ಸಿಕ್ಕಿದೆ. ವಿಚಾರಣೆಗೆ ನಿಮ್ಮನ್ನು ಕರೆಯುತ್ತಾರೆ, ನನ್ನನ್ನೂ ಕರೆಯುತ್ತಾರೆ. ನೀವು ಹಾಕಿದಿರಿ, ನಾನು ಸುಮ್ಮನಿದ್ದೆ, ಇಬ್ಬರೂ ಹಾಗೆಯೇ ಹೇಳೋಣ. ಅಲ್ಲಿ ನಿಮ್ಮ ಪಕ್ಕದ ಕುರ್ಚಿಯಲ್ಲಿ ನಾನೇ ಕೂರುತ್ತೇನೆ. ಏನು ಶಿಕ್ಷೆ ಬಂದರೂ ಬರಲಿ.

ತೀರ್ಮಾನ ಮತ್ತೆ ಮೇಲಕ್ಕೆ ಹೋಗಿದೆ, ಷರತ್ತುಗಳ ಸಮೇತ. ಒಪ್ಪುತ್ತಾರೋ ಇಲ್ಲವೋ ದೇವರಿಗೇ ಗೊತ್ತು. ಒಪ್ಪಿದರೂ ಆ ಲ್ಯಾಬಿನ ಬಾಗಿಲು ತೆರೆಯುವಾಗ ನಾನು ಪ್ರೆಸಿಡೆಂಟ್ ಆಗಿರುವುದಿಲ್ಲ, ಯಾರೂ ನನ್ನನ್ನು ಕರೆಯುವುದೂ ಇಲ್ಲ. ಕರೆಯದಿದ್ದರೆ ಬೇಡ. ಐದು ವರ್ಷದ ಕುರ್ಚಿಯಲ್ಲಿ ಕೂತವರು ಐದು ವರ್ಷದ್ದನ್ನೇ ಯೋಚಿಸಬೇಕೆಂದು ಯಾರೂ ಬರೆದಿಟ್ಟಿಲ್ಲ.

ಮನೆಯ ಬಾಗಿಲು ತೆಗೆದೇ ಇದೆ. ಬರುವುದಾದರೆ ಷರತ್ತಿಲ್ಲದೆ ಬನ್ನಿ.

ಇಂತಿ,
ಕೋಮಲಾ
(ಈ ಸಹಿ ನಾನೇ ಹಾಕಿದ್ದು)

ತಾಜಾ ಕಲಂ: ಹಳೆಯ ಸಹಿ ಯಾರದೆಂದು ನಾನೇ ಚಾಡಿ ಹೇಳಿದೆ ಎಂದು ನೀವು ಹಲ್ಲು ಕಡಿಯುತ್ತಿರುತ್ತೀರಿ. ನಾನು ಹೇಳಲಿಲ್ಲ. ಅದೂ ನನ್ನದೇ ಸಾರ್, ಕೈ ನೋವಿದ್ದಾಗ ಹಾಕಿದ್ದು ಎಂದು ನಿಮಗೋಸ್ಕರ ಇನ್ನೊಂದು ಸುಳ್ಳು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಸಾಕ್ಷಿಗಳ ಬೆಂಚಿನಿಂದ ನಿಮ್ಮ ಅಮ್ಮ ಎದ್ದರು. “ಅದು ನನ್ ಮಗ ಹಾಕಿರೋದು ಸಾಮಿ. ಕುರಿ ಮಾರಿ ಅವ್ನಿಗ್ ಅಕ್ಷರ ಕಲಿಸ್ದೋಳು ನಾನು. ಅವ್ನ ಹೆಸ್ರು ಅವ್ನು ಬರ್ಕಳ್ಲಿ ಅಂತ ಕಲಿಸ್ದೆ, ಹೆಂಡ್ತಿ ಹೆಸ್ರು ಬರೀಲಿ ಅಂತಲ್ಲ” ಎಂದು ಹೇಳಿ, ತಮ್ಮ ಹೆಬ್ಬೆಟ್ಟು ಒತ್ತಿದರು.