ಎವಾಲ್ಟನ ಕೈಗುಣ

ಸಾಕ್ಸನ್‌ಹೌಸನ್, ಫ್ರಾಂಕ್‌ಫರ್ಟ್
ಬುಧವಾರ, ೧೪ ಅಕ್ಟೋಬರ್ ೧೯೯೮

ಪ್ರೀತಿಯ ತಮ್ಮ ಎವಾಲ್ಟನಿಗೆ,

ಹೇಗಿದ್ದೀಯಪ್ಪ? ಬ್ರೆಮೆನ್ ಬಂದರಿನ ಗಾಳಿಗೆ ಕೆಮ್ಮು ಹೆಚ್ಚಾಗಿದೆ ಎಂದು ಕ್ರಿಸ್‌ಮಸ್ ಕಾರ್ಡಿನಲ್ಲಿ ನೀನು ಬರೆದಿದ್ದೆ. ಈಗ ಕಡಿಮೆಯಾಯಿತೇ? ಕೊರಳಿಗೆ ಉಣ್ಣೆಯದು ಸುತ್ತಿಕೊಳ್ಳದೆ ಕೆಲಸಕ್ಕೆ ಹೋಗಬೇಡ. ಇಲ್ಲಿ ಈ ವರ್ಷದ ವೈನಿಗೆ ಹೊಸ ಸೇಬು ಹಿಂಡಿ ಮುಗಿಯಿತು, ನನ್ನ ಕೈಯಲ್ಲಿನ್ನೂ ಅದೇ ವಾಸನೆ. ಅಪ್ಪನಿಗೆ ಎಂಬತ್ತೊಂದು. ಆದರೂ ನಮ್ಮ ವೈನಂಗಡಿಯಲ್ಲಿ ಗ್ಲಾಸು ಒರೆಸುವ ಕೆಲಸವನ್ನು ಯಾರಿಗೂ ಬಿಡುವುದಿಲ್ಲ.

ನೀನು ಮನೆ ಬಿಟ್ಟರೂ ನಿನ್ನ ಹೆಸರು ಇಲ್ಲಿಂದ ಹೋಗಲಿಲ್ಲ, ಎವಾಲ್ಟ್. ಯಾರ ಗ್ಲಾಸಿನಲ್ಲಿ ವೈನು ತುಸು ಹೆಚ್ಚು ಹುಳಿಯಾದರೂ ಉದ್ದ ಮೇಜಿನ ಖಾಯಂ ಗಿರಾಕಿಗಳು 'ಇದು ಎವಾಲ್ಟನ ಕೈಗುಣ ಕಣ್ರೋ!' ಎನ್ನುತ್ತಾರೆ. ಇಪ್ಪತ್ತಾರು ವರ್ಷಗಳಿಂದ. ಹೂಜಿ ಬಗ್ಗಿಸುತ್ತ ಅವರ ಜೊತೆ ನಾನೂ ನಕ್ಕಿದ್ದೇನೆ. ಆದರೆ ಅಂದು ಆ ದೊಡ್ಡ ಪೀಪಾಯಿಯ ವೈನು ಕೆಟ್ಟು ವಿನೆಗರ್ ಆದದ್ದು ನಿನ್ನಿಂದಲ್ಲ, ನನ್ನಿಂದ. ಕುಣಿತಕ್ಕೆ ಹೋಗುವ ಆತುರದಲ್ಲಿ ನಿನ್ನ ಕೋಟಿನಿಂದ ನೆಲಮಾಳಿಗೆಯ ಬೀಗದ ಕೈ ತೆಗೆದುಕೊಂಡು, ಗೆಳತಿಯರಿಗೆಂದು ಒಂದು ಹೂಜಿ ತುಂಬಿಸಿಕೊಂಡೆ. ಪೀಪಾಯಿಯ ಬಿರಡೆ ಮರಳಿ ಹಾಕಲಿಲ್ಲ. ವಾರಗಳ ಮೇಲೆ ಗೊತ್ತಾದಾಗ, ಬೀಗದ ಕೈ ನಿನ್ನದಲ್ಲವೇ, ಅಪ್ಪ ಎಲ್ಲರೆದುರು 'ನಿನ್ನ ಕೈಗೆ ನೀರೂ ಕೊಡಬಾರದು ಕಣೋ' ಎಂದರು. ನೀನು ನನ್ನ ಕಡೆ ಒಮ್ಮೆ ನೋಡಿದೆ. ನಾನು ಮೇಜು ಒರೆಸುತ್ತಿದ್ದೆ.

ಕಳೆದ ಭಾನುವಾರ ಹೊರಗಿನವನೊಬ್ಬ ಬಂದು ವೈನಿಗೆ ಸಿಹಿ ನಿಂಬೆ ಸೋಡಾ ಬೆರೆಸಿಕೊಡಿ ಎಂದ. ನಮ್ಮ ಹುಳಿ ವೈನಿಗೆ ಸಿಹಿ ಬೆರೆಸುವವರುಂಟೇ, ಮೇಜಿನಲ್ಲಿ ಗೊಳ್ಳೆಂದರು. ಟ್ರಾಮ್ ಓಡಿಸುತ್ತಿದ್ದ ಮುದುಕ ವೆಂಡೆಲಿನ್, ಅವನಿಗೆ ಪಕ್ಕದಲ್ಲಿ ಜಾಗ ಮಾಡಿಕೊಡುತ್ತಲೇ, 'ಗುಂಡುಲಾ, ಇವ್ನಿಗೆ ಎವಾಲ್ಟನ ಪೀಪಾಯಿಂದ ಕೊಡಮ್ಮ, ಸಿಹಿ ಆಸೆ ಬಿಟ್ಟೋಗ್ಲಿ' ಎಂದ. ಈ ಸಲ ನನಗೆ ನಗಲಾಗಲಿಲ್ಲ. ಹೂಜಿ ಕೆಳಗಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ವೆಂಡೆಲಿನ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಅಪ್ಪ ಗ್ಲಾಸು ಒರೆಸುವುದನ್ನು ನಿಲ್ಲಿಸಿ, 'ಇಷ್ಟು ವರ್ಷ ನಗ್ತಾ ಇದ್ಯಲ್ಲೇ' ಎಂದರು, ಅಷ್ಟೇ. ಆಮೇಲೆ ನನ್ನೊಡನೆ ಮಾತಿಲ್ಲ.

ಕ್ಷಮಿಸು ಎನ್ನಲು ನನಗೆ ಮುಖವಿಲ್ಲ. ನೀನು ಬೈದು ಬರೆದರೂ ಸಾಕು, ಓದುತ್ತೇನೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಗುಂಡುಲಾ

ಮತ್ತೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಂದು ರೈಲಿನ ಟಿಕೆಟ್ ತೋರಿಸಿದರು. ಶನಿವಾರ ಮಧ್ಯಾಹ್ನ ಬ್ರೆಮೆನ್‌ನಲ್ಲಿ ಇಳಿಯುತ್ತಾರೆ, ಒಬ್ಬರೇ. ತಪ್ಪಾಯಿತು ಎನ್ನಲು ಅವರಿಗೆ ಬಾಯಿ ಬರುವುದಿಲ್ಲ, ಬಾಗಿಲಲ್ಲಿ ಸುಮ್ಮನೆ ನಿಂತುಬಿಡುತ್ತಾರೆ. ಒಳಗೆ ಕರೆ, ತಮ್ಮಾ.